ಸೊಪ್ಪು ಕೊಡುತ್ತಿದ್ದ ಅಕ್ಕ

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಕಪ್ಪಗೇ ಇರುತ್ತಿದ್ದವು. ಹೊಗೆಸೊಪ್ಪಿನ ಅಂಟು ಅದು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದು. ಮುದ್ದೆ ಮುರಿದು ಬಾಯಿಗಿಟ್ಟರೆ ಮೊದಲ ತುತ್ತು ಕಹಿ. "ನನ್ ಕೈ ರುಚೀನೇ ಇಷ್ಟು ಬುಡು" ಎಂದು ನುಂಗುತ್ತಿದ್ದಳು. ಆದರೆ ಆ ಬೆರಳುಗಳಿಗೆ ಕಣ್ಣಿತ್ತು. ಸೊಪ್ಪಿನ ರಾಶಿಯ ಕಡೆ ತಿರುಗದೆಯೇ ಮೂರೆಲೆ ಎತ್ತುತ್ತಿದ್ದಳು. ಒಂದು ದಿನವೂ ನಾಲ್ಕು ಬಂದದ್ದು ನಾನು ಕಾಣೆ.

ಒಡಹುಟ್ಟಿದ ಅಕ್ಕ ಅಲ್ಲ. ಪಿರಿಯಾಪಟ್ಟಣದ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಹಿಂದಿನ ಬೀದಿಯಲ್ಲಿದ್ದಳು, ನನಗಿಂತ ಐದಾರು ವರ್ಷ ದೊಡ್ಡವಳು. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮುಂದೆ ಸೊಪ್ಪು ಕಟ್ಟಲು ಕೂತರೆ ಇಬ್ಬಿಬ್ಬರು ಜೋಡಿ. ಒಬ್ಬಳು ಕೊಡುವವಳು, ಎದುರಿಗೆ ಇನ್ನೊಬ್ಬಳು ಕಡ್ಡಿಗೆ ಕಟ್ಟುವವಳು. ಕೊಡುವವಳು ಮೂರೆಲೆ ಎತ್ತಿ, ತೊಟ್ಟು ಸಮವಾಗಲಿ ಅಂತ ಮೊಣಕಾಲಿಗೆ ಒಂದು ಸಲ ತಟ್ಟಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಚಾಚುತ್ತಾಳೆ. ಕಟ್ಟುವವಳು ಅದೇ ಹೊತ್ತಿಗೆ ದಾರ ಸುತ್ತಿ ಬಿಗಿಯುತ್ತಾಳೆ. ಒಬ್ಬಳು ಒಂದು ಉಸಿರು ತಪ್ಪಿದರೆ ಇನ್ನೊಬ್ಬಳ ಕೈ ಗಾಳಿಯಲ್ಲಿ. ಅಕ್ಕ ಕೊಡುವವಳು, ನಾನು ಕಟ್ಟುವವಳು. ಮೂವತ್ತು ವರ್ಷದ ಮೇಲೆ ಹಾಗೇ ಕೂತೆವು. "ಕೊಡೋಳು ನೆಟ್ಗಿದ್ರೆ ಕಟ್ಟೋಳು ನೆಟ್ಗೆ" ಅನ್ನೋದು ಅವಳ ಗಾದೆ.

ಒಂದು ವರ್ಷ ನನ್ನ ಮಣಿಕಟ್ಟು ಊದಿಕೊಂಡಿತ್ತು, ಯಾರಿಗೂ ಹೇಳಿರಲಿಲ್ಲ. ಅಕ್ಕ ಕೇಳಲೂ ಇಲ್ಲ, ಸುಮ್ಮನೆ ನಿಧಾನ ಮಾಡಿದಳು. ಕಡ್ಡಿ ಕಡಮೆಯಾಯಿತು ಅಂತ ನಮ್ಮ ಯಜಮಾನರು ರೇಗಿದಾಗ, "ನಂಗೇ ಕೈ ಓಡ್ತಿಲ್ಲ ಕಣಣ್ಣ, ವಯಸ್ಸಾಯ್ತು" ಎಂದು ಬೈಗುಳವನ್ನೆಲ್ಲ ತಾನೇ ಇಸ್ಕೊಂಡಳು.

ನನ್ನ ಮೊಮ್ಮಗಳ ವಿಷಯ ಹೇಳಬೇಕು. ಹೇಳೋಕೆ ಕೂತರೆ ನನಗೆ ನಿಲ್ಲಿಸೋಕೆ ಬರಲ್ಲ. ಆ ಮಗು ನಕ್ಕರೆ ನನ್ನ ಹೊಟ್ಟೆ ತುಂಬುತ್ತದೆ, ಕುಣಿದರೆ ಕೇಳಲೇಬೇಡಿ. ಪಿಯುಸಿ ಓದುತ್ತಾ ಮೊಬೈಲಿಗೆ ರೀಲ್ಸ್ ಮಾಡುತ್ತಿದ್ದಳು. ಜೋಡಿ ಕುಣಿತದ ಚಾಲೆಂಜ್ ಮಾಡಬೇಕು, ಯಾರೂ ಮಾಡದೇ ಇರೋ ಸ್ಟೆಪ್ಪು ಬೇಕು ಅಂತ ಗೆಳತಿಯ ಜೊತೆ ಅಂಗಳದಲ್ಲಿ ಒಂದು ವಾರ ಹೆಣಗಿದಳು. ಯಾವುದೂ ಒಪ್ಪಿಗೆಯಾಗಲಿಲ್ಲ. ಒಂದು ಮಧ್ಯಾಹ್ನ ಬ್ಯಾರನ್ ಹತ್ತಿರ ಬಂದವಳು ನಮ್ಮಿಬ್ಬರ ಕೈಯನ್ನೇ ನೋಡುತ್ತಾ ನಿಂತಳು. ತಟ್ಟು, ಬಲಕ್ಕೆ, ಸುತ್ತು. ತಟ್ಟು, ಎಡಕ್ಕೆ, ಸುತ್ತು. ಇದೇ ಸ್ಟೆಪ್ಪು ಅಂತ ಹಿಡಿದುಕೊಂಡಳು.

ಮೊದಲು ನಮ್ಮಿಬ್ಬರನ್ನೂ ಕೂರಿಸಿ ಒಂದು ವಿಡಿಯೋ ಮಾಡಿದಳು. ಆಮೇಲೆ ಅದು ಬೇಡ ಅಂದಳು. ಚಾಲೆಂಜ್ ಅಂದರೆ ಪರದೆಯ ಅರ್ಧದಲ್ಲಿ ಒಬ್ಬರು, ಇನ್ನರ್ಧ ಖಾಲಿ ಇರಬೇಕಂತೆ. ನೋಡಿದವರು ಅವರವರ ಮನೆಯಲ್ಲೇ ಕುಣಿದು ಆ ಖಾಲಿ ಜಾಗಕ್ಕೆ ಸೇರಿಕೊಳ್ಳುತ್ತಾರಂತೆ. ಹಂಗಾಗಿ ಯಾರಾದರೂ ಒಬ್ಬರು ಏಳಬೇಕು ಅಂದಳು.

ನಾನು ಏಳಲಿಲ್ಲ. ಮೊಮ್ಮಗಳು ಮಾಡೋ ವಿಡಿಯೋದಲ್ಲಿ ನಾನಿಲ್ಲದೆ ಇನ್ಯಾರು ಅನ್ನೋ ಜಂಬ. ಅಕ್ಕ ನನ್ನ ಮುಖ ನೋಡಿದಳು. "ನಾನೆದ್ದೆ ಬುಡು, ನಿನ್ ಮೊಮ್ಮಗಳಲ್ವಾ" ಎಂದು ಸೆರಗು ಕೊಡವಿಕೊಂಡು ಎದ್ದಳು.

ಅವಳು ಎದ್ದರೆ ನನಗೆ ಕೈಯೇ ಬರಲಿಲ್ಲ. ನಾಲ್ಕು ಸಲ ತಪ್ಪಿದೆ. ಕೊನೆಗೆ ಅಕ್ಕ ಮೊಬೈಲಿನ ಹಿಂದೆ ನಿಂತು ಬರಿಗೈಯಲ್ಲಿ ತಟ್ಟಿ ಚಾಚಿ ತೋರಿಸಿದಳು, ಅದನ್ನು ನೋಡಿಕೊಂಡು ನಾನು ಸುತ್ತಿದೆ. ಮೊಮ್ಮಗಳು ಮೇಲೆ ಹಾಡು ಕೂರಿಸಿದಳು.

ಹತ್ತು ದಿನದಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೋ ಕಾಣೆ. ಹೊಸದಾಗಿ ಮದುವೆಯಾದ ಗಂಡು ಹೆಣ್ಣು, ಬಸ್ ಕಂಡಕ್ಟರು, ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಬೇಕರಿ ಹುಡುಗರು, ಮಡಿಕೇರಿಯ ಯಾರೋ ಸೀರೆಯನ್ನು ಕೊಡಗಿನ ಥರ ಹಿಂದಕ್ಕೆ ಸೆಕ್ಕಿಕೊಂಡು, ಎಲ್ಲರೂ ನನ್ನ ಎದುರಿಗೆ ಕೂತು ಸೊಪ್ಪು ಕೊಡುವವರೇ. ನನಗೆ ಹಿಗ್ಗೋ ಹಿಗ್ಗು. ಮೊಬೈಲು ಹಿಡಿದು ಅಕ್ಕನ ಮನೆಗೇ ಹೋಗಿ ಒಂದೊಂದೂ ತೋರಿಸಿದೆ. ಅವಳು ಎಲ್ಲವನ್ನೂ ನೋಡಿದಳು.

"ನನ್ ಜಾಗದಲ್ಲಿ ಯಾರ್‌ಯಾರೋ ಕೂತವ್ರೆ ಕಣಮ್ಮಿ. ಒಬ್ರಿಗಾದ್ರೂ ಸೊಪ್ಪು ಕೊಡಾಕೆ ಬರಬೇಕಲ್ಲ" ಅಂದಳು.

ತಮಾಷೆಗೆ ಅಂದಳು ಅಂತ ನಾನು ನಕ್ಕೆ.

ಆಮೇಲೆ ಹುಣಸೂರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಅಜ್ಜಿ ಮೊಮ್ಮಗಳನ್ನು ಕರೆದರು. ಕಾರು ಕಳಿಸಿದರು. ಅಕ್ಕನನ್ನೂ ಕರೆಯೋಣ ಅಂತ ಒಂದು ಗಳಿಗೆ ಅನಿಸಿತು. ಅಷ್ಟರಲ್ಲಿ ಮೊಮ್ಮಗಳ ಇಬ್ಬರು ಗೆಳತಿಯರು ಹತ್ತಿ ಕೂತರು, ಇನ್ನು ಜಾಗ ಇಲ್ಲ ಅಂದುಕೊಂಡು ನಾನೂ ಹತ್ತಿದೆ. ವೇದಿಕೆಯಲ್ಲಿ ಮೈಕು ಹಿಡಿದ ಹುಡುಗಿಯೇ ನನ್ನ ಎದುರು ಕೂತು ಕುಣಿದಳು, ಜನ ಶಿಳ್ಳೆ ಹೊಡೆದರು. ಈ ಸ್ಟೆಪ್ಪು ನಿಮಗೆ ಯಾರು ಕಲಿಸಿದ್ದು ಅಜ್ಜಿ ಅಂತ ಅವಳು ಮೈಕು ನನ್ನ ಬಾಯಿಗೆ ಹಿಡಿದಳು. ಪಕ್ಕದಲ್ಲಿ ನನ್ನ ಮಗು, ಹಸಿರು ಲಂಗ ಹಾಕಿಕೊಂಡು ದೀಪದ ಹಾಗೆ ನಿಂತಿತ್ತು. ನನಗೆ ಮೈಮೇಲೆ ಜ್ಞಾನ ಇರಲಿಲ್ಲ.

"ಎಲ್ಲಾ ನನ್ ಮೊಮ್ಮಗಳದೇ" ಅಂದುಬಿಟ್ಟೆ.

ಮೆಟ್ಟಿಲಿಳಿಯುವಾಗ ಕಂಡಳು. ಹಿಂದಿನ ಸಾಲಿನಲ್ಲಿ ಅಕ್ಕ. ಮದುವೆ ಮನೆಗೆ ಉಡುವ ಕೆಂಪಂಚಿನ ಸೀರೆ ಉಟ್ಟು, ಹೂ ಮುಡಿದು, ತಾನೇ ಬಸ್ಸು ಹತ್ತಿ ಬಂದಿದ್ದಳು. ಯಾರಾದರೂ ಮೇಲಕ್ಕೆ ಕರೆದಾರು ಅಂತಲೋ ಏನೋ. ನಾನು ಜನ ಸರಿಸಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಎದ್ದು ಹೋಗಿದ್ದಳು. ಮಾರನೇ ದಿನ ಅವಳ ಮನೆ ಬಾಗಿಲಿಗೆ ಹೋದರೆ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

"ಚೆನ್ನಾಗಿ ಯೋಳ್ದೆ ಕಣಮ್ಮಿ" ಅಂದಳು.

ಮುಂದಿನ ಸಲ ಸೊಪ್ಪು ಮುರಿಯುವ ಕಾಲ ಬಂದಾಗ ಅವಳು ಬರಲಿಲ್ಲ. ಕೆರೆ ಆಚೆಯವರ ಬ್ಯಾರನ್‌ನಲ್ಲಿ ಹೊಸದಾಗಿ ಬಂದ ಒಂದು ಸೊಸೆಗೆ ಸೊಪ್ಪು ಕೊಡುತ್ತಿದ್ದಾಳೆ ಅಂತ ಕೇಳಿದೆ. ಆ ಹುಡುಗಿ ಆ ವರ್ಷವೇ ಊರಿನಲ್ಲಿ ಒಳ್ಳೆ ಕೈ ಅನ್ನಿಸಿಕೊಂಡಳು. ಆಗದೆ ಏನು? ನಾನು ಮಗನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡೆ. ಕಟ್ಟು ಸಡಿಲ, ಬ್ಯಾರನ್ ಒಳಗೆ ಸೊಪ್ಪು ಉದುರಿತು.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಕೆಮ್ಮು ಅಂತ ಮಲಗಿದಳು. ನೋಡಲು ಹೋದೆ. ಮಗು ಹೆಂಗಿದೆ, ಓದ್ತಿದೆಯಾ ಅಂತ ವಿಚಾರಿಸಿದಳು. ತಪ್ಪಾಯಿತು ಅಕ್ಕ ಅನ್ನೋ ಮಾತು ಗಂಟಲ ತನಕ ಬಂತು. ಅಷ್ಟರಲ್ಲಿ ಅವಳ ಮಗಳು ಕಾಫಿ ತಂದಳು. ಕಾಫಿ ಜೊತೆ ಮಾತನ್ನೂ ಕುಡಿದುಬಿಟ್ಟೆ. ವಾರದೊಳಗೆ ಅಕ್ಕ ಹೋಗಿಬಿಟ್ಟಳು.

ತಿಥಿಯ ಫ್ಲೆಕ್ಸ್‌ಗೆ ಫೋಟೋ ಬೇಕಾಯಿತು. ಅಕ್ಕನ ಮಗಳು ನಮ್ಮ ಮನೆಗೇ ಬಂದಳು. "ಅಷ್ಟೊಂದು ವಿಡಿಯೋ ಮಾಡಿದ್ರಲ್ಲ ಚಿಕ್ಕವ್ವ, ಒಂದ್ರಲ್ಲಾದ್ರೂ ಅವ್ವ ಇರ್‍ತಾಳೆ" ಅಂದಳು. ಮೊಮ್ಮಗಳು ಹುಡುಕಿದಳು. ಇಬ್ಬರನ್ನೂ ಕೂರಿಸಿ ತೆಗೆದದ್ದನ್ನು ಮೊಬೈಲು ತುಂಬಿತು ಅಂತ ಆವತ್ತೇ ಅಳಿಸಿದ್ದಳಂತೆ. ಎಲ್ಲೂ ಇಲ್ಲ. ಮಗಳು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದಳು. ಮಸುಕಾಗಿ, ಯಾರದೋ ಮುಖದ ಹಾಗೆ ಬಂತು.

ನಾನೊಬ್ಬಳೇ ಇರೋ ಆ ವಿಡಿಯೋ ಅಳಿಸಿಬಿಡು ಅಂತ ಮೊಮ್ಮಗಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿಲ್ಲ. ಈಗಲೂ ಯಾರಾದರೂ ಹೊಸಬರು ಕುಣಿದರೆ ಮಗು ಓಡಿ ಬಂದು ತೋರಿಸುತ್ತದೆ, ನನಗೆ ಈಗಲೂ ಹಿಗ್ಗಾಗುತ್ತದೆ. ಅಕ್ಕ ಬದುಕಿದ್ದಿದ್ದರೆ ನಾನು ಕ್ಷಮೆ ಕೇಳಬೇಕಾಗಿದ್ದದ್ದು ಆ ಹಿಗ್ಗಿಗೆ.