ಅಂಚೆಯಲ್ಲಿ ಬಂದ ಕಂಚು

ಮಿಸಾವೊ ಕುವಾಬಾರಾ ನಮ್ಮ ತಮೊಹಾಮಾ ಬಂದರಿನ ಹುಡುಗಿ. ತೋಬಿತಾ ಯಜಮಾನರ ಕಾಮಾಬೋಕೊ ಕಾರ್ಖಾನೆಯಲ್ಲಿ ಮೀನರೆದು ದಿಂಡು ಕಟ್ಟಿ ಬೇಯಿಸುವವರು ನಾವು. ಅವಳು ಮಧ್ಯಾಹ್ನದವರೆಗೆ ನನ್ನ ಪಕ್ಕ ನಿಂತು ಪ್ಯಾಕಿಂಗ್ ಮಾಡುತ್ತಿದ್ದಳು. ಊಟವಾದ ಮೇಲೆ ಹಳೆಯ ಐಸ್ ಗೋದಾಮಿಗೆ ಹೋಗಿ ಕಬ್ಬಿಣ ಎತ್ತುತ್ತಿದ್ದಳು. ಎರಡಕ್ಕೂ ಯಜಮಾನರೇ ಸಂಬಳ ಕೊಡುತ್ತಿದ್ದರು. ಅವರಿಗೆ ಆಟೋಟದ ಮೇಲೆ ಪ್ರೀತಿಯೇನೂ ಇರಲಿಲ್ಲ. ಪಕ್ಕದೂರಿನ ಎದುರಾಳಿ ಕಾರ್ಖಾನೆಯವರು ಒಬ್ಬ ಮ್ಯಾರಥಾನ್ ಓಟಗಾರನನ್ನು ಸಾಕಿಕೊಂಡಿದ್ದರು, ಅಷ್ಟೇ.

ಭಾರ ಎತ್ತುವವಳು ಎಂದರೆ ಆನೆಮರಿಯಂತಿರಬೇಕೆಂದು ಊರಿನ ನಂಬಿಕೆ. ಮಿಸಾವೊ ನನ್ನ ಭುಜದಷ್ಟು ಎತ್ತರವೂ ಇರಲಿಲ್ಲ. ಸ್ಪರ್ಧಿಸುತ್ತಿದ್ದುದು ಐವತ್ಮೂರು ಕಿಲೋ ದೇಹತೂಕದ ವರ್ಗದಲ್ಲಿ. ಅದಕ್ಕಿಂತ ಒಂದು ಗುಟುಕು ನೀರಿನಷ್ಟು ಹೆಚ್ಚಾದರೂ ವೇದಿಕೆ ಹತ್ತಿಸುವುದಿಲ್ಲ. ಇದನ್ನು ಊರಿಗೆ ಅರ್ಥಮಾಡಿಸುವುದಕ್ಕಿಂತ ಕಬ್ಬಿಣ ಎತ್ತುವುದೇ ಸುಲಭವಾಗಿತ್ತು.

ತೋಫು ಅಂಗಡಿಯ ಹತ್ಸುಯೆ ಅಜ್ಜಿ ಅವಳನ್ನು ಕಂಡಾಗಲೆಲ್ಲ ಅಡ್ಡಹಾಕುತ್ತಿದ್ದಳು.

“ಬಾರೇ, ಒಂದು ಬಟ್ಟಲು ಅನ್ನ ತಿಂದು ಹೋಗು. ಕೆನ್ನೆ ನೋಡು, ಒಣಗಿದ ಬಂಗಡೆ ಥರ ಆಗಿದೆ.”

“ಬೇಡ ಅಜ್ಜಿ, ತೂಕ ಜಾಸ್ತಿಯಾದ್ರೆ ಆಟಕ್ಕೇ ಸೇರ್ಸಲ್ಲ.”

“ತೂಕ ಎತ್ತೋಳಿಗೆ ತೂಕ ಇರ್ಬಾರ್ದಾ? ಯಾವ ಸೀಮೆ ಆಟವೇ ಇದು!”

ಮಿಸಾವೊ ಏಷ್ಯಾ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾದಾಗ ಊರಿಗೆ ಊರೇ ಬೀಳ್ಕೊಡುಗೆಗೆ ನೆರೆಯಿತು. ನಮ್ಮ ಮೇಯರ್ ಭಾಷಣದಲ್ಲಿ ಎತ್ತಿದ ಕೈ. ಮಿಸೊ ಸಾರು ಆರಿ ಕೆನೆಗಟ್ಟುವವರೆಗೆ ಮಾತಾಡಿದರು. ಎರಡು ಸಲ ಅವಳನ್ನು “ನಮ್ಮ ಗುಂಡೆಸೆತದ ಕುವರಿ” ಎಂದರು. ಆಮೇಲೆ ಯಜಮಾನರು ತಮ್ಮ ಕೈಯಾರೆ ಕೆಂಪು ಬಿಳಿ ಕಾಮಾಬೋಕೊ, ಶುಭಕಾರ್ಯಕ್ಕೆಂದೇ ಸುಡುವ ತಾಯ್ ಎಂಬ ಕೆಂಪು ಮೀನನ್ನು ಇಡಿಯಾಗಿ ಬಡಿಸಿದರು. ಯಜಮಾನರು ಬಡಿಸಿದ್ದನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಿಸಾವೊ ತಿಂದಳು. ಅವಳ ತರಬೇತುದಾರ ಇವಾಕಿ ಮೇಷ್ಟ್ರು ಎದುರಿಗೆ ಕೂತು, ಅವಳ ಬಾಯಿಗೆ ಹೋಗುವ ಒಂದೊಂದು ತುತ್ತನ್ನೂ ಸಾಲಗಾರನನ್ನು ನೋಡುವಂತೆ ನೋಡುತ್ತಿದ್ದರು.

ಅತ್ತ ಯಜಮಾನರು ‘ಪದಕ ಗೆದ್ದ ಮಿಸಾವೊಗೆ ಅಭಿನಂದನೆ’ ಎಂಬ ಬ್ಯಾನರನ್ನೂ ಬೀಳ್ಕೊಡುಗೆಯ ಬ್ಯಾನರಿನ ಜೊತೆಯಲ್ಲೇ ಮಾಡಿಸಿಟ್ಟಿದ್ದರು. ಒಟ್ಟಿಗೆ ಮಾಡಿಸಿದರೆ ರಿಯಾಯಿತಿಯಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಸ್ಪರ್ಧೆಯ ಬೆಳಗ್ಗೆ ತಕ್ಕಡಿ ಹತ್ತಿದರೆ ತೂಕ ಚೂರು ಹೆಚ್ಚು. ಮೈತುಂಬ ಪ್ಲಾಸ್ಟಿಕ್ ಕೋಟು ತೊಟ್ಟು ಹೋಟೆಲಿನ ಮೆಟ್ಟಿಲು ಹತ್ತಿಳಿದಳು. ಬಟ್ಟಲಿಗೆ ಉಗುಳಿದಳು. ಆದರೂ ಮುಳ್ಳು ಕದಲಲಿಲ್ಲ. ಕೊನೆಗೆ ಇವಾಕಿ ಮೇಷ್ಟ್ರು ಗಾಯದ ಪಟ್ಟಿ ಕತ್ತರಿಸುವ ಕತ್ತರಿ ತೆಗೆದರು.

“ಕೂದಲು ಬೆಳೆಯುತ್ತಮ್ಮ,” ಎಂದರು.

“ಕತ್ರಿಸಿ ಮೇಷ್ಟ್ರೇ. ಯಜಮಾನ್ರ ಮೀನು ಅಲ್ಲಿಂದಾದ್ರೂ ಹೊರಗೆ ಹೋಗ್ಲಿ.”

ವೇದಿಕೆ ಹತ್ತಿದಳು. ಕೊನೆಯ ಯತ್ನದಲ್ಲಿ ತನ್ನ ಮೈತೂಕದ ಎರಡರಷ್ಟನ್ನು ಎದೆಗೇರಿಸಿ, ತಲೆಯ ಮೇಲಕ್ಕೂ ಒಯ್ದಳು. ಅಷ್ಟರಲ್ಲಿ ಮೊಣಕೈ ಕೂದಲೆಳೆಯಷ್ಟು ಬಾಗಿತೆಂದು ಮೂವರು ತೀರ್ಪುಗಾರರಲ್ಲಿ ಇಬ್ಬರು ಕೆಂಪು ದೀಪ ಒತ್ತಿದರು. ನಾಲ್ಕನೇ ಸ್ಥಾನ.

ಅವಳು ಊರಿಗೆ ಬಂದ ದಿನ ಬ್ಯಾನರಿನ ‘ಪದಕ ಗೆದ್ದ’ ಎಂಬುದರ ಮೇಲೆ ಬಿಳಿ ಬಟ್ಟೆ ಅಂಟಿಸಿ ಕಟ್ಟಿದ್ದರು. ಮಳೆ ಬಂತು. ಬಟ್ಟೆ ನೆನೆದು ಒಳಗಿನ ಅಕ್ಷರಗಳೆಲ್ಲ ಚೆನ್ನಾಗಿ ಕಾಣಿಸತೊಡಗಿದವು.

ಸೋತವರು ಕ್ಷಮೆ ಕೇಳುವುದು ನಮ್ಮ ಪದ್ಧತಿ. ಬೋಳುತಲೆಯ ಮಿಸಾವೊ ಮೇಯರ್ ಕಚೇರಿ, ಕಾರ್ಖಾನೆ, ಶಾಲೆ, ಅಂಗಡಿಬೀದಿ ಎಲ್ಲ ಕಡೆ ಸೊಂಟ ಬಗ್ಗಿಸಿ “ನನ್ನ ಶಕ್ತಿ ಸಾಲಲಿಲ್ಲ, ತಪ್ಪಾಯ್ತು” ಎನ್ನುತ್ತಾ ಹೋದಳು. ಯಜಮಾನರು, “ಛೆ ಛೆ, ಕ್ಷಮೆಯೆಲ್ಲಾ ಯಾಕೆ,” ಎಂದರು. ಅವಳು ಪೂರ್ತಿ ಕೇಳಿ ಮುಗಿಸುವವರೆಗೆ ಕಾದು, ಆಮೇಲೆ ಅಂದರು. ಹತ್ಸುಯೆ ಅಜ್ಜಿ ಮಾತ್ರ, “ನಾನು ಹೇಳ್ಲಿಲ್ವಾ? ಅನ್ನ ತಿನ್ಬೇಕಿತ್ತು,” ಎಂದಳು.

ಮುಂದಿನ ವರ್ಷ ಅವಳ ಭುಜದ ಸ್ನಾಯು ಹರಿಯಿತು. ಆಟ ಬಿಡು ಎಂದು ಯಾರೂ ಹೇಳಲಿಲ್ಲ. ನಾವು ಅಷ್ಟು ಒರಟರಲ್ಲ. ಐಸ್ ಗೋದಾಮಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸಿದರು, ಬಾರ್ಬೆಲ್ಲನ್ನು ಸೂರಿನಡಿ ಇಟ್ಟರು, ಯಜಮಾನರು ಒಬ್ಬ ಗಾಲ್ಫ್ ಹುಡುಗನನ್ನು ಸೇರಿಸಿಕೊಂಡರು. ಮಿಸಾವೊ ಸಂಜೆಯವರೆಗೂ ಪ್ಯಾಕಿಂಗಿಗೆ ನಿಂತಳು.

ಹೀಗೆ ಏಳೆಂಟು ವರ್ಷ ಕಳೆಯಿತು. ಒಂದು ಮಧ್ಯಾಹ್ನ ನಾವು ಬುತ್ತಿ ಬಿಚ್ಚುವಾಗ ಅಂಚೆಯವನು ಅವಳ ಹೆಸರಿಗೆ ಒಂದು ಪೊಟ್ಟಣ ತಂದ. ಮಿಸಾವೊ ರಸೀದಿಗೆ ಸಹಿಯ ಬದಲು ತನ್ನ ಹೆಸರಿನ ಮೊಹರು ಒತ್ತಿ ತೆಗೆದುಕೊಂಡು ಬಿಚ್ಚಿದಳು.

“ಏನೇ ಅದು?” ಎಂದೆ.

“ಮೂರನೇ ಸ್ಥಾನ.”

“ಮೂರನೇ ಸ್ಥಾನಕ್ಕೆ ಯಾವಾಗ ಬಂದೆ?”

“ಈಗ್ಲೇ. ಊಟದ ಹೊತ್ತಿಗೆ.”

ಅಂದು ಏಷ್ಯಾದಲ್ಲಿ ಕಂಚು ಗೆದ್ದವಳ, ಕಾದಿರಿಸಿದ್ದ ಹಳೆಯ ಮೂತ್ರದ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ನಿಷೇಧಿತ ಔಷಧ ಸಿಕ್ಕಿತ್ತಂತೆ. ಮಿಸಾವೊ ಪದಕವನ್ನು ಪೊಟ್ಟಣಕ್ಕೆ ಹಾಕಿ ಕೈ ತೊಳೆಯಲು ಹೋದಳು. ಬಹಳ ಹೊತ್ತು ನಲ್ಲಿ ಸುರಿಯುತ್ತಲೇ ಇತ್ತು. ಮರಳಿ ಬಂದಾಗ ಕಣ್ಣು ಕೆಂಪಗಿತ್ತು. ಕೈಗವಸು ಹಾಕಿಕೊಂಡಳು.

ಸುದ್ದಿ ತಿಳಿದದ್ದೇ ತಡ, ಊರಿಗೆ ಮತ್ತೆ ಅವಳ ನೆನಪಾಯಿತು. ಪುರಭವನದಲ್ಲಿ ಮೂರು ಹಂತದ ವಿಜಯಪೀಠ ಕಟ್ಟಿಸಿ ಅವಳನ್ನು ಮೂರನೆಯದರ ಮೇಲೆ ನಿಲ್ಲಿಸಿದರು. ಖಾಲಿ ಪೀಠಗಳು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಫೋಟೋದವನು ಗೊಣಗಿದ. ಹಾಗಾಗಿ ಒಂದನೆಯದರ ಮೇಲೆ ಮೇಯರ್ ಹತ್ತಿದರು, ಎರಡನೆಯದರ ಮೇಲೆ ಯಜಮಾನರು. ಮಾರನೆಯ ದಿನದ ಪತ್ರಿಕೆ ನೋಡಿದವರಿಗೆ, ಏಷ್ಯಾದಲ್ಲಿ ನಮ್ಮ ಮೇಯರೇ ಚಿನ್ನ ಗೆದ್ದಂತಿತ್ತು.

ಮಿಸಾವೊಗೆ ಮೈಕ್ ಕೊಟ್ಟರು. ಎಲ್ಲರೂ ಕೃತಜ್ಞತೆಗೆ ಕಿವಿಗೊಟ್ಟು ಕೂತರು.

“ಅವತ್ತು ನಾನು ನಿಮ್ಮೆಲ್ಲರ ಹತ್ರಾನೂ ಬಂದು ತಪ್ಪಾಯ್ತು ಅಂದಿದ್ದೆ,” ಎಂದಳು. “ತಪ್ಪು ನಂದಲ್ಲ ಅಂತ ಈಗ ಗೊತ್ತಾಯ್ತಲ್ಲ. ಆ ಮಾತು ವಾಪಸ್ ತಗೊಂಡಿದ್ದೀನಿ.”

ಸಭೆ ತಬ್ಬಿಬ್ಬಾಯಿತು. ಕಿವಿ ಮಂದವಾದ ಹತ್ಸುಯೆ ಅಜ್ಜಿ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಮೇಯರ್ ತಟ್ಟಿದರು. ಮೇಯರನ್ನು ನೋಡಿ ಎಲ್ಲರೂ.

ಈಗ ಮಿಸಾವೊ ಮೀನುಮಾರುಕಟ್ಟೆಯ ಹಿಂದಿನ ಶೆಡ್ಡಿನಲ್ಲಿ ಭಾನುವಾರ ನಮ್ಮಂಥ ಹೆಂಗಸರಿಗೆ ಭಾರ ಎತ್ತಲು ಕಲಿಸುತ್ತಾಳೆ. ನಾನೂ ಹೋಗುತ್ತೇನೆ. ಮೊದಲ ದಿನ ಬರೀ ಕಂಬಿ ಎತ್ತಿಸಿದಳು; ಅದೇ ನನ್ನನ್ನು ಕೆಳಕ್ಕೆ ಕೂರಿಸಿತು. ಮಿಸಾವೊ ಗದರಲಿಲ್ಲ. “ಬೆನ್ನು ಬಗ್ಗಿಸ್ಬೇಡ ಅಕ್ಕಾ. ಬಗ್ಗಿ ಬಗ್ಗಿಯೇ ಅಭ್ಯಾಸ ಆಗ್ಬಿಟ್ಟಿದೆ ನಮಗೆ,” ಎಂದು ನನ್ನ ಸೊಂಟಕ್ಕೆ ಅಂಗೈ ಕೊಟ್ಟು ನೆಟ್ಟಗೆ ನಿಲ್ಲಿಸಿದಳು.