ಖರ್ಚು ಮಾಡದ ಮೋನಮ್ಮನ ಲೆಕ್ಕ

ಆ ಪಕ್ಷದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪುಕ್ಕಟೆ ಪ್ರಚಾರ ಮಾಡಿದ ಹಾಗಾಗುತ್ತದೆ, ಅಷ್ಟು ಮಾಡುವುದಕ್ಕೂ ನನಗೆ ಮನಸ್ಸಿಲ್ಲ. ಒಂದು ಕಾಲದಲ್ಲಿ, ಗಡಿಯಾಚೆ ತೆಲುಗು ಸೀಮೆಗೆ ಸೇರಿದ ನಮ್ಮ ನಾಗಲಗಿದ್ದ ಮಂಡಲದಲ್ಲಿ ಅದರ ಬಾವುಟ ಕಟ್ಟದ ಓಣಿ ಇರಲಿಲ್ಲ. ಹಿಂದಿನ ಅಸೆಂಬ್ಲಿ ಚುನಾವಣೆಯಲ್ಲಿ ಸೋತಿತು ನೋಡಿ, ಪಂಚಾಯಿತಿಯ ಸರಪಂಚ, ಮಾಜಿ ಸರಪಂಚ, ಗುತ್ತಿಗೆದಾರರು ಎಲ್ಲರೂ ಒಬ್ಬರ ಹಿಂದೊಬ್ಬರು ಹೆಗಲ ಮೇಲಿನ ಶಾಲಿನ ಬಣ್ಣ ಬದಲಿಸಿದರು. ನಮ್ಮೂರಿನಲ್ಲಿ ಆ ಪಕ್ಷಕ್ಕೆ ಉಳಿದವಳು ಕುರಿ ಸಾಕುವ ಮೋನಮ್ಮ ಒಬ್ಬಳೇ.

ನಾನು ಬಸ್ಸು ನಿಲ್ಲುವ ಕಡೆ ಚಹಾದ ಹೋಟೆಲು ಇಟ್ಟವನು, ಹೆಸರು ಕಿಷ್ಟಪ್ಪ. ಯಾರು ಯಾವ ಪಕ್ಷಕ್ಕೆ ಹಾರಿದರು ಎಂಬುದು ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹಾರುವ ಮುನ್ನ ಒಂದು ವಾರ ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು ಊರಿನ ಅಭಿವೃದ್ಧಿಯ ಬಗ್ಗೆ ಮಾತಾಡುತ್ತಾರೆ. ಮೋನಮ್ಮ ಆ ಬೆಂಚಿನ ಮೇಲೆ ಎಂದೂ ಕೂತವಳಲ್ಲ. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವಾಗ ನಿಂತೇ ಚಹಾ ಕುಡಿದು, ಗ್ಲಾಸು ತಾನೇ ತೊಳೆದಿಟ್ಟು ಹೋಗುತ್ತಾಳೆ.

ಆಕೆ ಆ ಪಕ್ಷಕ್ಕೆ ಅಂಟಿಕೊಂಡದ್ದು ಭಾಷಣ ಕೇಳಿ ಅಲ್ಲ. ಬಹಳ ವರ್ಷಗಳ ಹಿಂದೆ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ದಿನಾ ಕುರಿ ಹೂಳುವುದೇ ಕೆಲಸವಾಗಿತ್ತು. ಗಂಡ ಪೀರಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಆ ಪಕ್ಷದ ಒಬ್ಬ ಹುಡುಗ ಝಹೀರಾಬಾದಿನಿಂದ ಪಶುವೈದ್ಯರನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅರ್ಧ ಹಿಂಡು ಉಳಿಯಿತು. ಆ ಹುಡುಗ ಆಮೇಲೆ ಯಾವ ಪಕ್ಷದಲ್ಲಿಯೂ ಉಳಿಯದೆ ದುಬೈಗೆ ಹೋದ. ಮೋನಮ್ಮ ಮಾತ್ರ ಆ ಋಣವನ್ನು ಪಕ್ಷದ ಹೆಸರಿಗೆ ಬರೆದುಕೊಂಡಳು. ಸಭೆಗೆ ಜನ ಕರೆತರುವುದು, ಮನೆಮನೆಗೆ ಹೋಗಿ ಚೀಟಿ ಕೊಡುವುದು, ಮತಗಟ್ಟೆಯಲ್ಲಿ ಏಜೆಂಟಾಗಿ ಕೂರುವುದು, ಏನು ಹೇಳಿದರೂ ಮಾಡಿದಳು. ಕೂಲಿ ಕೇಳಲಿಲ್ಲ.

ಹೀಗಿದ್ದವಳನ್ನು ಹಿಂದಿನ ಅಸೆಂಬ್ಲಿ ಚುನಾವಣೆಯಲ್ಲಿ ಎಂಎಲ್ಎ ಸ್ಥಾನಕ್ಕೇ ನಿಲ್ಲಿಸಿದರು. ನಗಬೇಡಿ. ಒಬ್ಬ ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು, ಗಾಡಿಗಳಿಗೆಲ್ಲ ಪಾಸು ತಗೊಂಡು ಬಾಡಿಗೆಯ ಲೆಕ್ಕ ತೋರಿಸಬೇಕು ಎಂದು ಚುನಾವಣಾ ಆಯೋಗ ಮಿತಿ ಹಾಕುತ್ತದೆ. ಮಿತಿಯೊಳಗೆ ಯಾರ ಹೊಟ್ಟೆಯೂ ತುಂಬುವುದಿಲ್ಲವಲ್ಲ. ಅದಕ್ಕೆ ದೊಡ್ಡ ಪಕ್ಷದವರು ತಮ್ಮವರನ್ನೇ ಇಬ್ಬರು ಮೂವರನ್ನು ಪಕ್ಷೇತರರೆಂದು ನಿಲ್ಲಿಸಿ, ಅವರ ಹೆಸರಿನಲ್ಲಿ ಗಾಡಿ ಓಡಿಸುತ್ತಾರೆ. ನಮ್ಮ ಕಡೆ ಇಂಥವರಿಗೆ ಡಮ್ಮಿ ಅನ್ನುತ್ತಾರೆ. ಆಗ ಆ ಪಕ್ಷದ ಮಂಡಲ ಅಧ್ಯಕ್ಷನಾಗಿದ್ದವನು ನಮ್ಮೂರಿನ ದತ್ತು. ಅವನೇ ಬಂದು ಹೇಳಿದ: "ಅಕ್ಕಾ, ಸಾಹೇಬ್ರು ನಿನ್ನ ಹೆಸರೇ ಹೇಳ್ಯಾರ. ಎಲ್ಲಿ ಸೈ ಮಾಡು ಅಂತೀನಿ ಅಲ್ಲಿ ಮಾಡು, ಮುಂದಿಂದು ನಮಗ ಬಿಡು."

ಸಾಹೇಬರೆಂದರೆ, ನಾವು ಖೇಡ ಅನ್ನುವ ನಾರಾಯಣಖೇಡದಲ್ಲಿ ಪಕ್ಷದ ಅಭ್ಯರ್ಥಿ. ಅವರ ಬಾಯಲ್ಲಿ ತನ್ನ ಹೆಸರು ಬಂತೆಂದು ಮೋನಮ್ಮ ಹಿಗ್ಗಿದಳು. ಸೈ ಮಾಡಿದಳು. ಆಕೆಗೆ ಇಸ್ತ್ರಿ ಪೆಟ್ಟಿಗೆಯ ಗುರುತು ಕೊಟ್ಟರು, ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕಂಡವಳಲ್ಲ.

ಪ್ರಚಾರ ಜೋರಾಗಿದ್ದಾಗ ಒಂದು ದಿನ ನನ್ನ ಹೋಟೆಲ ಮುಂದೆ ಬಿಳಿ ಗಾಡಿಯೊಂದು ನಿಂತಿತು. ಗಾಜಿನ ಮೇಲೆ ಅಂಟಿಸಿದ ಪಾಸಿನಲ್ಲಿ ಮೋನಮ್ಮನ ಹೆಸರು. ಒಳಗೆ ಸಾಹೇಬರ ಕಡೆಯ ಗಂಡಸರು. ಮೋನಮ್ಮನೂ ಖೇಡಕ್ಕೆ ಸಭೆಗೆ ಹೊರಟಿದ್ದಳು, ಕೂರಿಸಿಕೊಳ್ಳಿ ಎಂದು ಕೇಳಿದಳು.

"ಇದು ಪಾರ್ಟಿ ಗಾಡಿ ಅದ ಅಮ್ಮಾ, ಜಾಗ ಇಲ್ಲ," ಅಂದ ಡ್ರೈವರು.

ಆಕೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಮತದಾನದ ದಿನ ಆಕೆ ತನ್ನ ಓಟನ್ನೂ ಸಾಹೇಬರಿಗೇ ಹಾಕಿ ಬಂದಳು. ನಮ್ಮ ಮತಗಟ್ಟೆಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಒಂದೂ ಓಟು ಬೀಳಲಿಲ್ಲ. ಸಾಹೇಬರೂ ಸೋತರು.

ಆಮೇಲೆ ಚುನಾವಣಾ ಕಚೇರಿಯಿಂದ ಒಂದು ಕಾಗದ ಬಂತು. ಓದಲು ಬಾರದ ಮೋನಮ್ಮ ಅದನ್ನು ದತ್ತುವಿನ ಕೈಗೆ ಕೊಟ್ಟಳು. ಸಾಹೇಬರ ಆಫೀಸಿನವರು ನೋಡಿಕೊಳ್ಳುತ್ತಾರೆ ಎಂದು ಅವನು ಜೇಬಿಗಿಟ್ಟುಕೊಂಡ. ಕೆಲವು ತಿಂಗಳಿಗೆ ಇನ್ನೊಂದು ಬಂತು, ಅದೂ ಅವನ ಜೇಬಿಗೇ ಹೋಯಿತು. ಅಷ್ಟರಲ್ಲಿ ಅವನು ಜೇಬಿನ ಸಮೇತ ಗೆದ್ದ ಪಕ್ಷಕ್ಕೆ ಹೋಗಿದ್ದ. ಹೋದರೇನಾಯಿತು, ಊರ ಹುಡುಗನೇ ತಾನೇ ಎಂದುಕೊಂಡಳು ಮೋನಮ್ಮ. ಆಕೆಯ ಬುದ್ಧಿಗೆ ಏನು ಹೇಳೋಣ!

ಈಗ ಪಂಚಾಯಿತಿ ಚುನಾವಣೆ ಬಂತು. ನಮ್ಮೂರ ಸರಪಂಚ ಸ್ಥಾನ ಹಿಂದುಳಿದ ವರ್ಗದ ಹೆಂಗಸಿಗೆ ಮೀಸಲಾಯಿತು. ದತ್ತು ಹೆಂಡತಿ ಮಾಧುರಿಯನ್ನು ನಿಲ್ಲಿಸಿದ. ಅವನ ಕಣ್ಣಿದ್ದದ್ದು ಗುಡ್ಡದ ಕೆಳಗಿನ ಗಾಯರಾಣದ ಮೇಲೆ. ಊರಿನ ದನ, ಕುರಿ ಮೇಯುವ ಸರಕಾರಿ ಜಮೀನು ಅದು. ಸೋಲಾರ್ ಕಂಪನಿಯವರಿಗೆ ಅದು ಬೇಕಿತ್ತು, ಸರಪಂಚರ ಠರಾವು ಇದ್ದರೆ ಕೆಲಸ ಸಲೀಸು. ಗಾಯರಾಣ ಹೋದರೆ ನಮ್ಮ ಕುರಿಯವರ ಮನೆಗಳು ಕುರಿ ಮಾರಿ ಕೂಲಿಗೆ ಹೋಗಬೇಕು. ಆಗ ಮೋನಮ್ಮ ಜೀವನದಲ್ಲಿ ಮೊದಲ ಸಲ ತನಗಾಗಿ ನಿಲ್ಲುತ್ತೇನೆ ಅಂದಳು. ಸೂಚಕನಾಗಿ ನಾನು ಸೈ ಮಾಡಿದೆ. ಕುರಿಯವರ ಓಣಿ ಪೂರ್ತಿ ಆಕೆಯ ಹಿಂದಿತ್ತು, ಒಕ್ಕಲುತನದ ಮನೆಗಳೂ ಅರ್ಧ ಒಲಿದಿದ್ದವು. ಗೆಲ್ಲುತ್ತಿದ್ದಳು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಾಮಪತ್ರ ಪರಿಶೀಲನೆಯ ದಿನ ಕಣದಲ್ಲಿದ್ದವರು ಇಬ್ಬರೇ, ಮಾಧುರಿ ಮತ್ತು ಮೋನಮ್ಮ. ಮೋನಮ್ಮನ ಕಾಗದ ಕೈಗೆತ್ತಿಕೊಂಡಾಗ ದತ್ತು ಎದ್ದು ನಿಂತ. ಆಯೋಗದ ಆದೇಶವೊಂದರ ನಕಲನ್ನು ಅಧಿಕಾರಿಯ ಮುಂದಿಟ್ಟ. ಅಧಿಕಾರಿ ಜೋಗಿಪೇಟೆ ಕಡೆಯ ಮನುಷ್ಯ, ತೆಲುಗಿನಲ್ಲಿ ಓದಿ ಹೇಳಿದರು: ಅಸೆಂಬ್ಲಿ ಚುನಾವಣೆಯ ಖರ್ಚಿನ ಲೆಕ್ಕ ಸಲ್ಲಿಸದ ಕಾರಣ ಈಕೆ ಮೂರು ವರ್ಷ ಯಾವ ಚುನಾವಣೆಗೂ ನಿಲ್ಲುವಂತಿಲ್ಲ.

ಮೋನಮ್ಮ ಎರಡೂ ಕೈ ಮುಗಿದಳು. "ಸಾರ್, ನಾ ಒಂದು ರೂಪಾಯಿ ಖರ್ಚು ಮಾಡಿಲ್ರಿ. ಯಾವ ಲೆಕ್ಕ ಕೊಡ್ಲಿ?"

"ಸೊನ್ನೆ ಆದರೂ ಸೊನ್ನೆ ಅಂತ ಬರೆದು ಕೊಡಬೇಕಿತ್ತಮ್ಮ," ಅಂದರು ಅವರು. ಒರಟು ಮನುಷ್ಯರಲ್ಲ, ಮುಖ ಸಣ್ಣದು ಮಾಡಿಕೊಂಡೇ ತಿರಸ್ಕರಿಸಿದರು. ನಾಳೆ ಮೇಲಧಿಕಾರಿ ಆರ್‌ಡಿಓ ಮುಂದೆ ಅಪೀಲು ಹಾಕಬಹುದು, ನಿನ್ನನ್ನು ಅಂದು ನಿಲ್ಲಿಸಿದವರು ಲೆಕ್ಕ ಕೊಡದ ತಪ್ಪು ತಮ್ಮದೆಂದು ಬರೆದುಕೊಟ್ಟರೆ ತಗೊಂಡು ಹೋಗು, ಗ್ಯಾರಂಟಿ ಹೇಳಲಾರೆ ಅಂದರು.

ನಾನು ದತ್ತುವಿನ ಅಂಗಿಗೆ ಕೈ ಹಾಕಿದೆ. "ಆ ಕಾಗದ ನಿನ್ನ ಕೈಯಾಗೇ ಕೊಟ್ಟಿದ್ದಳಲ್ಲೋ!"

"ಕಾಯ್ದೆ ಎಲ್ಲರಿಗೂ ಒಂದೇ ಅದ ಕಿಷ್ಟಪ್ಪ," ಅಂದ. ಅಂಗಿ ಸರಿ ಮಾಡಿಕೊಂಡು ಹೋದ. ಇಡೀ ಕ್ಷೇತ್ರಕ್ಕೆ ಹೆಂಡ ಹಂಚಿದವರ ಲೆಕ್ಕ ಚಹಾ ಬಿಸ್ಕತ್ತಿನ ರಸೀದಿ ಸಮೇತ ಸರಿಯಾಗಿತ್ತು. ಏನೂ ಹಂಚದವಳು ಕಾಯ್ದೆಗೆ ಸಿಕ್ಕಿಬಿದ್ದಳು. ನನಗೆ ಆ ಕಚೇರಿಯ ಮೆಟ್ಟಿಲ ಮೇಲೆ ಉಗಿಯಬೇಕು ಅನಿಸಿತು, ಉಗಿದೆ.

ಅಲ್ಲಿಂದ ಬಸ್ಸು ಹಿಡಿದು ಇಬ್ಬರೂ ಖೇಡಕ್ಕೆ ಹೋದೆವು. ಸಾಹೇಬರ ಮನೆ ಮುಂದೆ ಹಿಂದೆಲ್ಲ ಬೈಕು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಈಗ ನಾಯಿಯೊಂದು ಮಲಗಿತ್ತು. ಸಾಹೇಬರು ಬನಿಯನ್ನಿನಲ್ಲೇ ಹೊರಗೆ ಬಂದು, ನಮ್ಮನ್ನು ಕೂರಿಸಿ ಚಹಾ ತರಿಸಿದರು. ಮೋನಮ್ಮ ಚಹಾ ಮುಟ್ಟಲಿಲ್ಲ.

"ಸಾಹೇಬ್ರ, ನನ್ನ ಲೆಕ್ಕ ಯಾಕ ಕೊಡ್ಸಲಿಲ್ರಿ?"

"ಮರ್ತು ಹೋಗ್ಯಾದ ಮೋನಮ್ಮ. ಖರೇನ ಹೇಳ್ತೀನಿ, ಯಾರಿಗೂ ನೆನಪಾಗಿಲ್ಲ. ನಂದು ಆಡಿಟರ್ ಬಂದು ಮಾಡಿ ಹೋದ. ನಿಂದೇನು, ಅರ್ಧ ತಾಸಿನ ಕೆಲಸ ಇತ್ತು."

ಮೋಸ ಮಾಡಿದೆವು ಅಂದಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದಳೇನೋ. ನೆನಪೇ ಆಗಲಿಲ್ಲ ಎಂಬುದಕ್ಕೆ ಏನೆಂದು ಅಳುವುದು? ನಾಳೆ ಅಪೀಲಿಗೆ ಬೇಕು, ಅದನ್ನೇ ಬರೆದುಕೊಡಿ ಎಂದಳು.

ಸಾಹೇಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಹಂಗ ಬರದ್ರ ನಿನ್ನ ಹೆಸರಿನ ಗಾಡಿ ಖರ್ಚೆಲ್ಲ ನನ್ನ ಲೆಕ್ಕಕ್ಕ ಬೀಳ್ತದ. ಮಿತಿ ದಾಟ್ತದ, ನನಗೂ ಮೂರು ವರ್ಷ ಬಂದ್ ಮಾಡ್ತಾರ. ಈ ಕಡೆ ಪಕ್ಷಕ್ಕ ನಾ ಒಬ್ಬನೇ ಉಳದೀನಿ. ನಾನೂ ಹೋದ್ರ ಬಾವುಟ ಹಿಡಿಯೋರು ಯಾರು? ಈ ಒಂದು ಸಲ ತಡ್ಕೋ."

"ಗಾಯರಾಣ ಹೋಗ್ತದ್ರಿ."

"ನಮ್ಮ ಸರಕಾರ ಬರ್ಲಿ, ವಾಪಸ್ ತರ್ತೀನಿ." ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ನಿನ್ನ ಸೊಸಿ ಇದ್ದಾಳಲ್ಲ, ಸೌಂದರ್ಯಾ. ಓದು ಬರಹ ಬರ್ತದಲ್ಲ ಆಕಿಗಿ? ಮುಂದ ಜಿಲ್ಲಾ ಪರಿಷತ್ತಿಂದು, ಜಡ್ಪಿ ಎಲೆಕ್ಷನ್ ಅದ, ಒಂದು ಹೆಸರು ಬೇಕಾಗ್ತದ. ಈ ಸಲ ಲೆಕ್ಕ ನಾನೇ ಮುಂದ ನಿಂತು ಕೊಡಸ್ತೀನಿ."

ಆ ಮನುಷ್ಯನ ಮುಖದಲ್ಲಿ ನಾಚಿಕೆ ಹುಡುಕಿದೆ. ಇರಲಿಲ್ಲ. ದೊಡ್ಡ ಉಪಕಾರವೊಂದನ್ನು ಮಾಡುತ್ತೇನೆ ಎಂದವನ ಮುಖ ಅದು.

ಮೋನಮ್ಮ ಎದ್ದಳು. "ಸೊಸಿ ಹೆಸರು ಕೊಡಾಂಗಿಲ್ರಿ."

"ಮನಿಯವ್ರೇ ಹಿಂಗಂದ್ರ ಪಕ್ಷ ಉಳೀತದೇನು ಮೋನಮ್ಮ?"

"ಯಾಕ ಉಳೀಬೇಕ್ರಿ ಸಾಹೇಬ್ರ?"

ಆಕೆ ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಇಷ್ಟು ವರ್ಷ ಅದನ್ನು ಹೊತ್ತವಳು, ಒಂದು ಕಾರಣ ಹೇಳಲಿ ಎಂದು ಅವರ ಮುಖವನ್ನೇ ನೋಡುತ್ತ ನಿಂತಳು. ಸಾಹೇಬರು ಗೋಡೆಯ ಮೇಲಿನ ನಾಯಕರ ಫೋಟೋ ಕಡೆ ನೋಡಿದರು. ಬಸ್ಸಿನ ಖರ್ಚಿಗೆಂದು ಜೇಬಿಗೆ ಕೈ ಹಾಕಲು ಹೋದರು, ಬನಿಯನ್ನಿಗೆ ಜೇಬಿರಲಿಲ್ಲ. ನಾವು ಹೊರಟುಬಂದೆವು.

ಅಪೀಲು ಹಾಕಿದೆವು, ಬಿದ್ದುಹೋಯಿತು. ಎದುರಾಳಿ ಇಲ್ಲದ ಕಾರಣ ಮಾಧುರಿ ಅವಿರೋಧವಾಗಿ ಸರಪಂಚಳಾದಳು, ಊರಿನಲ್ಲಿ ಓಟೇ ನಡೆಯಲಿಲ್ಲ. ಗಾಯರಾಣಕ್ಕೆ ತಂತಿ ಬೇಲಿ ಬಂತು. ಪೀರಪ್ಪ ಅರ್ಧ ಹಿಂಡು ಮಾರಿದ. ಉಳಿದ ಕುರಿಗಳನ್ನು ಮೋನಮ್ಮ ಗಡಿ ದಾಟಿಸಿ ಔರಾದ ಕಡೆಗೆ ಹೊಡೆದುಕೊಂಡು ಹೋಗಿದ್ದಾಳೆ, ಅಲ್ಲಿ ಯಾರದೋ ಬೀಳು ಹೊಲದಲ್ಲಿ ಮೇಯಿಸುತ್ತಾಳೆ. ಮೊನ್ನೆ ಆ ಪಕ್ಷದ ಹುಡುಗರಿಬ್ಬರು ಸದಸ್ಯತ್ವ ಮಾಡಿಸಲು ಬಂದು, ಇಲ್ಲಿ ನಮ್ಮವರು ಯಾರಿದ್ದಾರೆ ಎಂದು ನನ್ನನ್ನು ಕೇಳಿದರು. ಯಾರೂ ಇಲ್ಲ ಎಂದೆ, ಚಹಾದ ದುಡ್ಡು ಮೊದಲೇ ಇಸಿದುಕೊಂಡೆ.