ಗೋಡೆಗೆ ಮುಖ ಮಾಡಿ ನಿಂತವರು

ಉಗ್ರಾಣದಲ್ಲಿ ಅವಳಿಗೆ ‘ಮುಟ್ಬೇಡಿ ಅಕ್ಕ’ ಎಂದು ಹೆಸರು. ಬಾಗಿಲು ದಾಟಿದವರು ನಮಸ್ಕಾರಕ್ಕೂ ಮೊದಲು ಕೇಳುತ್ತಿದ್ದುದು ಆ ಮಾತನ್ನೇ. ಮನೆಯಲ್ಲಿ ಜಾಗ ಸಾಲದವರು, ಜಾಗವಿದ್ದೂ ಇಟ್ಟುಕೊಳ್ಳುವ ಧೈರ್ಯ ಸಾಲದವರು ತಮ್ಮ ಹಳೆಯ ಚಿತ್ರಗಳನ್ನೂ ಕೆತ್ತನೆಯ ಕುರ್ಚಿಗಳನ್ನೂ ಪಿಂಗಾಣಿ ಹೂದಾನಿಗಳನ್ನೂ ಅಲ್ಲಿಗೆ ತಂದು ಒಪ್ಪಿಸುತ್ತಿದ್ದರು. ಕಸ ಗುಡಿಸಲು ಸೇರಿದವಳು ಈಗ ಅಷ್ಟೂ ಕೋಣೆಗಳ ಬೀಗದ ಕೈಗಳನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಕಿಟಕಿಗಳಿಗೆ ದಪ್ಪ ಪರದೆ. ಚಿತ್ರಗಳೆಲ್ಲ ನೆಲಕ್ಕೆ ತಾಗದ ಹಾಗೆ ಮರದ ಪಟ್ಟಿಗಳ ಮೇಲೆ, ಗೋಡೆಗೆ ಮುಖ ಮಾಡಿ, ಬೆಳಕಿಗೆ ಬೆನ್ನು ಕೊಟ್ಟು ನಿಂತಿದ್ದವು. ಗಾಳಿಯಲ್ಲಿ ತೇವ ಏರಿದರೆ ಅವಳ ಸಿಟ್ಟೂ ಏರುತ್ತಿತ್ತು. ಒಮ್ಮೆ ಒಬ್ಬ ಸಾಹುಕಾರ ತನ್ನದೇ ಮೇಜಿನ ಮೇಲೆ ಟೀ ಲೋಟ ಇಟ್ಟಾಗ, “ನಿಮ್ಮನೇಲಿ ಇದು ನಿಮ್ಮ ಮೇಜು. ಇಲ್ಲಿ ನಂದು. ಎತ್ರೀ ಲೋಟ,” ಎಂದು ಅವನನ್ನು ಅಂಗಳಕ್ಕೆ ಅಟ್ಟಿದ್ದಳು.

ಅಂಥವಳ ಮನೆಯಲ್ಲೇ, ಅವಳ ಕಣ್ಣೆದುರೇ, ಒಂದು ಚಿತ್ರ ಸವೆದು ಸಾಯುತ್ತಿತ್ತು.

ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಅಪ್ಪ, ಮನೆಗೆಂದು ಬರೆದದ್ದು ಅದೊಂದನ್ನೇ. ಮರದ ಹಲಗೆ, ಅಂಟು ಕಲಸಿದ ಪುಡಿಬಣ್ಣ. ಮೆಟ್ಟಿಲ ಮೇಲೆ ಕೂತ ಹುಡುಗ, ಅವನ ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು. ಹುಡುಗ ಅವಳ ಅಣ್ಣ, ಕೂಸು ಅವಳು. ಬಣ್ಣ ಒಣಗಿದ ವರ್ಷವೇ ಅಣ್ಣ ಜ್ವರ ಬಂದು ಹೋಗಿಬಿಟ್ಟ. ಅಂದಿನಿಂದ ಅಮ್ಮ ಬೆಳಗೆದ್ದು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುವುದು. ಅಂಟುಬಣ್ಣ ನೀರಿಗೆ ನಿಲ್ಲುತ್ತದೆಯೇ? ಅಣ್ಣನ ತುಟಿ ಎಂದೋ ಅಳಿಸಿತ್ತು. ಒಂದು ಹುಬ್ಬು ಬರೀ ನೆರಳಾಗಿತ್ತು. ಕೂಸಿನ ತಂಟೆಗೆ ಮಾತ್ರ ಅಮ್ಮ ಹೋದವಳಲ್ಲ. ಒಲೆಯ ಹೊಗೆ, ಬೀದಿಯ ಧೂಳು ಕೂತು ಕೂತು ಅದರ ಮುಖ ಮಸಿಹಿಡಿದಿತ್ತು.

ಮಗಳು ಗಾಜು ಹಾಕಿಸಿದಳು. ಸಂಜೆ ಮನೆಗೆ ಬರುವಷ್ಟರಲ್ಲಿ ಗಾಜು ಮಂಚದ ಕೆಳಗಿತ್ತು.

“ಗಾಜು ಒರೆಸೋಕೆ ನಾನೇನು ಕಿಟಕಿ ಹೆತ್ತಿದ್ನಾ?” ಎಂದಳು ಅಮ್ಮ.

ತಿಳಿಹೇಳಿದ್ದಾಯಿತು, ಗೋಗರೆದದ್ದಾಯಿತು, ಬಾಯಿ ಮಾಡಿದ್ದಾಯಿತು. ಒಂದು ಬೆಳಿಗ್ಗೆ ಅಮ್ಮ ಹಿಂಡಿದ ಬಟ್ಟೆಯಿಂದ ಇಳಿದ ನೀರಿನಲ್ಲಿ ಅಣ್ಣನ ಕೆನ್ನೆಯ ಬಣ್ಣ ಕಂಡಿತು. ಮಗಳ ಮೈಯೆಲ್ಲ ಉರಿದುಹೋಯಿತು. ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಹಲಗೆಯನ್ನು ತೆಳುಕಾಗದದಲ್ಲಿ ಸುತ್ತಿ, ಎದೆಗವಚಿಕೊಂಡು ಉಗ್ರಾಣಕ್ಕೆ ಒಯ್ದಳು. ಒಳಕೋಣೆಯಲ್ಲಿ ಒಂದು ಮೂಲೆ ಮಾಡಿ ನಿಲ್ಲಿಸಿದಳು. ಗೋಡೆಗೆ ಮುಖ ಮಾಡಿ.

ಅಮ್ಮ ಮಾತು ಬಿಟ್ಟಳು. ಬಿಟ್ಟಳು ಎಂದರೆ ಮಗಳೊಂದಿಗೆ ಮಾತ್ರ. ಚಿತ್ರ ತೂಗಿದ್ದ ಮೊಳೆಯೊಂದಿಗೆ ಧಾರಾಳವಾಗಿ ಮಾತಾಡುತ್ತಿದ್ದಳು. “ಬಂದ್ಲು ನೋಡಪ್ಪಾ ಕಳ್ಳಿ. ಇವತ್ತು ಯಾರ ಮಗನ್ನ ಕದ್ದು ತಂದಿದ್ದಾಳೋ ಕೇಳು.” ಮಗಳು ತಟ್ಟೆ ಕುಕ್ಕಿ ಎದ್ದುಹೋಗುತ್ತಿದ್ದಳು.

ಕೊನೆಗೊಂದು ದಿನ ಕೈಚೀಲ ಹಿಡಿದು ಅಮ್ಮ ಉಗ್ರಾಣಕ್ಕೇ ಬಂದಳು. ಅಲ್ಲಿ ಪೆಟ್ಟಿಗೆ ಮಾಡುವ ಬಡಗಿ, “ಯಾರಮ್ಮಾ ಬೇಕು?” ಎಂದ.

“ನನ್ನ ಮಗ. ನಿಮ್ಮಕ್ಕ ಕೂಡಿ ಹಾಕಿದ್ದಾಳೆ.”

ಮಗಳು ಹಲ್ಲು ಕಚ್ಚಿಕೊಂಡು ಒಳಗೆ ಕರೆದೊಯ್ದಳು. ಅಮ್ಮ ಸಾಲಾಗಿ ನಿಂತ ಚಿತ್ರಗಳ ಬೆನ್ನು ನೋಡಿದಳು.

“ಇಷ್ಟೊಂದು ಜನರನ್ನ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದೀಯಲ್ಲೇ, ಪಾಪ, ಏನು ತಪ್ಪು ಮಾಡಿದ್ರು?”

“ತಪ್ಪು ಮಾಡಿದ್ದು ನೀನು! ದಿನಾ ಅವನ ಮುಖ ಅಳಿಸ್ತಾ ಇದ್ದೀಯ. ಗೊತ್ತಾ ನಿನಗೆ?”

“ಗೊತ್ತು.”

ಮಗಳು ಆ ಉತ್ತರ ನಿರೀಕ್ಷಿಸಿರಲಿಲ್ಲ.

“ಬಟ್ಟೆಗೆ ಬಣ್ಣ ಹತ್ತೋದು ನನಗೆ ಕಾಣಲ್ವಾ? ಮುಖಕ್ಕೆಲ್ಲಾ ಮಣ್ಣು ಮೆತ್ಕೊಂಡು ಬರೋನು ಅವನು. ಒರೆಸದೇ ಬಿಟ್ರೆ ಅವನೂ ನಿಮ್ಮಪ್ಪ ಬರೆದ ಒಂದು ಬೋರ್ಡು, ಅಷ್ಟೆ. ನಾನಿರೋವರೆಗೆ ಅವನಿದ್ರೆ ಸಾಕು. ಆಮೇಲೆ ಯಾರಿಗೆ ಬೇಕು?”

“ನನಗೆ ಬೇಕು!”

ಆ ಕೂಗಿಗೆ ಹೊರಗೆ ಸುತ್ತಿಗೆಯ ಸದ್ದು ನಿಂತಿತು.

“ನೀನು ಅವನನ್ನ ಮುದ್ದಾಡಿದ್ದೀಯ, ಹೊಡೆದಿದ್ದೀಯ. ಕಣ್ಣು ಮುಚ್ಚಿದ್ರೂ ನಿನಗೆ ಕಾಣ್ತಾನೆ. ನನ್ನನ್ನ ಎತ್ಕೊಂಡೋನು ಹೆಂಗಿದ್ದ ಅಂತ ನನಗಿರೋದು ಇದೊಂದೇ. ಅದನ್ನೂ ಬಚ್ಚಲಿಗೆ ಹಿಂಡ್ತಾ ಇದ್ದೀಯ! ನನ್ನ ಮುಖಾನ ಒಂದು ದಿನವಾದ್ರೂ ಒರೆಸಿದ್ಯಾ?”

ಅಮ್ಮ ಕೆಂಡವಾದಳು. “ನಿನ್ನ ಮುಖಾನ ಚಿತ್ರದಲ್ಲಿ ಯಾಕೆ ಒರೆಸ್ಲಿ? ನೀನು ಮನೇಲೇ ಇದ್ಯಲ್ಲೇ! ಸಿಂಬಳ ಸುರಿಸ್ಕೊಂಡು ಬಂದಾಗೆಲ್ಲಾ ತೊಳೆದೋಳು ಯಾರು, ಪಕ್ಕದ ಮನೆಯೋಳಾ?”

ಮಗಳು ಸಿಟ್ಟಿನಲ್ಲೇ ಹಲಗೆಯನ್ನು ತಂದು ಮೇಜಿನ ಮೇಲೆ ಮಲಗಿಸಿ ಕಾಗದ ಬಿಡಿಸಿದಳು. ಅಮ್ಮನ ಕೈ ಚೀಲಕ್ಕೆ ಹೋಯಿತು. ಹೊರಬಂದದ್ದು ಅದೇ ಒದ್ದೆ ಬಟ್ಟೆ. ಮನೆಯಿಂದ ನೆನೆಸಿಕೊಂಡೇ ಬಂದಿದ್ದಳು!

ಮಗಳು ಅವಳ ಮಣಿಕಟ್ಟು ಹಿಡಿದಳು. ಇಬ್ಬರೂ ಹಾಗೇ ನಿಂತರು, ಬಿಡುವವರಿಲ್ಲದೆ. ಅಮ್ಮ ಬಗ್ಗಿ ನೋಡಿದಳು: ತುಟಿಯಿಲ್ಲದ ಹುಡುಗ, ಉಳಿದೊಂದು ಹುಬ್ಬು. ಮೆಲ್ಲನೆ ಅವಳ ಬೆರಳುಗಳು ಸಡಿಲವಾದವು. ಬಟ್ಟೆ ಮಗಳ ಕೈಗೆ ಬಂತು. ಅದನ್ನವಳು ಬಾಗಿಲಾಚೆ ಬೀಸಿ ಎಸೆದು, ಮೆತ್ತನೆಯ ಒಣ ಬ್ರಷ್ ಒಂದನ್ನು ತಂದು ಅಮ್ಮನ ಕೈಗಿಟ್ಟಳು.

“ಇದರಲ್ಲಿ ಮಾತ್ರ. ಒತ್ತಬಾರದು. ನೀರು ಕಂಡ್ರೆ ಮತ್ತೆ ಇಲ್ಲಿಗೇ ಹೊತ್ಕೊಂಡು ಬರ್ತೀನಿ.”

ಅಮ್ಮ ಬ್ರಷ್ಷನ್ನು ತನ್ನ ಕೆನ್ನೆಗೆ ಆಡಿಸಿ ನೋಡಿಕೊಂಡಳು. “ಇದಕ್ಕೆ ನೊಣಾನೂ ಏಳಲ್ಲ.”

“ಅದಕ್ಕೇ ಕೊಟ್ಟಿದ್ದು.”

ಅಮ್ಮ ಮಗನ ಹಣೆಯಿಂದ ಗಲ್ಲದವರೆಗೆ ಒಂದು ಸಲ ಬ್ರಷ್ ಆಡಿಸಿದಳು. ಆಮೇಲೆ ಕೈ ಕೆಳಗಿಳಿದು ಮಸಿಹಿಡಿದ ಕೂಸಿನ ಕಡೆ ಹೊರಳಿತು.

“ಅವಳನ್ನ ಮುಟ್ಬೇಡ! ಅಲ್ಲಿ ಬಣ್ಣ ಚಕ್ಕೆ ಎದ್ದಿದೆ!”

ಅಮ್ಮ ಬಾಗಿಲಲ್ಲಿ ಇಣುಕುತ್ತಿದ್ದ ಬಡಗಿಯತ್ತ ತಿರುಗಿದಳು. “ನೋಡಪ್ಪಾ. ಮುಖ ತೊಳೆಯೋಕೆ ಹೋದ್ರೆ ಆಗ್ಲೂ ಹಿಂಗೇ, ಭೂಮಿ ಆಕಾಶ ಒಂದು ಮಾಡೋಳು.”

ಬಡಗಿ ನಕ್ಕ. ಮುಟ್ಬೇಡಿ ಅಕ್ಕ ನಗಲಿಲ್ಲ. ಗಂಟು ಹಾಕಿದ ಹುಬ್ಬು ಹಾಗೇ ಇಟ್ಟುಕೊಂಡು, ಅಣ್ಣನನ್ನು ಮನೆಗೆ ಒಯ್ಯಲು ಹೊಸ ಕಾಗದ ಹಾಸತೊಡಗಿದಳು.